ಐವತ್ತೈದು ದಾಟಿದ ಮೇಲೆ ತೋಟದ ಕೆಲಸ: ಮೈ ಹೇಗೆ ನಡೆಸುತ್ತಿದ್ದೀರಿ?

ರೋಬಸ್ಟಾ_57

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪ ಕಡೆಯವನು. ವಯಸ್ಸು 57. ಹತ್ತೊಂಬತ್ತಕ್ಕೆ ಕಾಫಿ ತೋಟದ ಕೆಲಸಕ್ಕೆ ಇಳಿದವನು. ಕಾಡು (ಕಳೆ) ಕಡಿಯೋದು, ಗುಂಡಿ ತೆಗೆಯೋದು, ಮರಗಸಿ (ನೆರಳು ಮರದ ಕೊಂಬೆ ಸವರೋದು), ಮದ್ದು ಹೊಡೆಯೋದು, ಕುಯ್ಲು, ಮೂಟೆ ಹೊರೋದು, ಯಾವುದನ್ನೂ ಬಿಟ್ಟಿಲ್ಲ.

ಕಳೆದ ತಿಂಗಳು ರೋಬಸ್ಟಾ ಕಾಫಿ ಕುಯ್ಲು ಅರ್ಧ ಆಗಿತ್ತು. ಒಂದು ಬೆಳಿಗ್ಗೆ ಎದ್ದು ಚಪ್ಪಲಿ ಸರಿ ಮಾಡಿಕೊಳ್ಳಲು ಬಗ್ಗಿದೆ. ಅಷ್ಟೇ. ಮೇಲೆ ಏಳಲು ಆಗಲಿಲ್ಲ. ಮೂಟೆ ಹೊತ್ತಾಗ ಹಿಡಿದುಕೊಂಡಿದ್ದರೆ ಒಂದು ಲೆಕ್ಕ. ಚಪ್ಪಲಿಗೆ ಬಗ್ಗಿದಾಗ! ನನ್ನ ಹೆಂಡತಿ ನಗಬೇಕೋ ಅಳಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದಳು.

ಒಂಬತ್ತು ದಿನ ಮಲಗಿದೆ. ಇಂಜೆಕ್ಷನ್, ಮಾತ್ರೆ, ಬಿಸಿನೀರಿನ ಚೀಲ. ಆಮೇಲೆ ಮತ್ತೆ ಕೆಲಸಕ್ಕೆ ಹೋದೆ. ಹೋಗದೆ ಎಂತ ಮಾಡೋದು? ಆದರೆ ಈಗ ಬೆಳಿಗ್ಗೆ ಎದ್ದಾಗ ಮೈ ಹಲಗೆ ಥರ ಇರುತ್ತದೆ. ಹತ್ತು ಗಂಟೆಗೆ ಸಡಿಲ ಆಗುತ್ತದೆ, ಮೂರು ಗಂಟೆಗೆ ಮತ್ತೆ ಬಿಗಿ.

ಡಾಕ್ಟರ್ ಹೇಳಿದ್ದು ಒಂದೇ ಮಾತು, "ಭಾರದ ಕೆಲಸ ಬಿಡಿ." ಸರಿ ಸ್ವಾಮಿ, ಬಿಟ್ಟು? ನಿಮ್ಮಲ್ಲಿ 50, 55 ದಾಟಿ ಇನ್ನೂ ಮೈ ಬಗ್ಗಿಸಿ ದುಡಿಯುವವರು ಹೇಗೆ ನಿಭಾಯಿಸುತ್ತಿದ್ದೀರಿ? ಸುಮ್ನೆ "ರೆಸ್ಟ್ ಮಾಡಿ" ಅನ್ನಬೇಡಿ. ಅದು ನನಗೂ ಗೊತ್ತು.

ಶನಿವಾರಸಂತೆ_ಫಿಟ್

ಅಣ್ಣಾ, ನಿಮ್ಮ ಕೋರ್ (ಹೊಟ್ಟೆ, ಸೊಂಟದ ಸ್ನಾಯು) ವೀಕ್ ಆಗಿದೆ. ದಿನಾ ಪ್ಲ್ಯಾಂಕ್ ಮಾಡಿ, ಡೆಡ್‌ಲಿಫ್ಟ್ ಮಾಡಿ. ನಾನು ಜಿಮ್‌ನಲ್ಲಿ 100 ಕೆ.ಜಿ. ಎತ್ತುತ್ತೇನೆ. ಒಂದು ದಿನವೂ ಸೊಂಟ ನೋವು ಬಂದಿಲ್ಲ.

ಗಾರೆ_ಮೇಸ್ತ್ರಿ

ತಮ್ಮಾ, ಎಷ್ಟು ಸಲ ಎತ್ತುತ್ತೀಯ? ಐದು ಸಲ? ಆಮೇಲೆ ಎರಡು ನಿಮಿಷ ಫೋನ್ ನೋಡುತ್ತೀಯ. ಕನ್ನಡಿ ಉಂಟು, ಫ್ಯಾನ್ ಉಂಟು. ಇಳಿಜಾರು ಇಲ್ಲ, ಜಿಗಣೆ ಇಲ್ಲ. ತಾರಸಿ ಹಾಕುವ ದಿನ ವಿರಾಜಪೇಟೆಗೆ ಬಾ. ನಾವು ಎಷ್ಟು ಬಾಂಡ್ಲಿ ಎತ್ತುತ್ತೇವೆ ಅಂತ ಎಣಿಸುವ ಕೆಲಸ ಮಾತ್ರ ನಿನಗೆ ಕೊಡುತ್ತೇನೆ.

ರೋಬಸ್ಟಾ ಅಣ್ಣಾ, ನನಗೆ 53. ಸಿಮೆಂಟ್ ಮೂಟೆ 50 ಕೆ.ಜಿ. ಮೊದಲು ಹೆಗಲಿಗೆ ಹಾಕಿಕೊಂಡು ಮಹಡಿ ಹತ್ತುತ್ತಿದ್ದೆ. ಈಗ ಕೆಳಗೇ ಒಡೆದು ಎರಡು ಚೀಲ ಮಾಡುತ್ತೇನೆ, ಎರಡು ಸಲ ಹತ್ತುತ್ತೇನೆ. ಹುಡುಗರು ನಕ್ಕರು. ನಗಲಿ. ಆ ನಕ್ಕವರಲ್ಲಿ ಒಬ್ಬ ಈಗ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಬರುತ್ತಾನೆ. ಅವನಿಗೆ 34.

ಅಮ್ಮತ್ತಿಯ_ಮಗಳು

ನನ್ನದು ಅಮ್ಮನ ಕಥೆ. ಅವರಿಗೆ 62. ಸೊಂಟ ಅಲ್ಲ, ಮಂಡಿ.

ಮೂರು ವರ್ಷದ ಹಿಂದೆ ಮೇಸ್ತ್ರಿ ಪಾಪ ಅಂದುಕೊಂಡೇ ಹೇಳಿದರು, "ಅಕ್ಕ, ನೀವು ಇನ್ನು ಗಿಡ ಕುಯ್ಯಬೇಡಿ. ಹಗುರ ಕೆಲಸ ಮಾಡಿ. ಉದುರು ಹೆಕ್ಕಿ." ಅಮ್ಮನಿಗೂ ಖುಷಿಯಾಯಿತು.

ಉದುರು ಹೆಕ್ಕೋದು ಅಂದರೆ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಕುಯ್ಯುವಾಗ ಚೆಲ್ಲಿದ ಹಣ್ಣು, ಒಣಗಿ ತಾನೇ ಬಿದ್ದ ಹಣ್ಣು, ಎಲ್ಲವನ್ನೂ ತರಗಿನ ಸಂದಿಯಿಂದ ಒಂದೊಂದಾಗಿ ಆರಿಸಬೇಕು. ಬಿಟ್ಟರೆ ಕಾಯಿಕೊರಕ ಹುಳು ಅದರೊಳಗೇ ಕೂತು ಮುಂದಿನ ಫಸಲಿಗೆ ಹತ್ತುತ್ತದೆ. ಹಾಗಾಗಿ ಬಿಡುವ ಹಾಗೂ ಇಲ್ಲ. ಕುಕ್ಕುರುಗಾಲಲ್ಲಿ ಕೂರಬೇಕು, ಒಂದು ಅಡಿ ಜರುಗಬೇಕು, ಮತ್ತೆ ಕೂರಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆ ತನಕ. ಚೀಲದ ತೂಕ ನೋಡಿದರೆ ಹಗುರ ಕೆಲಸವೇ, ಅಲ್ವಾ? ಮಂಡಿಯನ್ನು ಯಾರೂ ತೂಗಿ ನೋಡಲಿಲ್ಲ.

ಎರಡನೇ ವರ್ಷಕ್ಕೆ ಅಮ್ಮ ಟಾಯ್ಲೆಟ್‌ನಿಂದ ಏಳಬೇಕಾದರೆ ಬಾಗಿಲ ಚಿಲಕ ಹಿಡಿಯಬೇಕಾಯಿತು. ಒಂದು ದಿನ ಚಿಲಕವೇ ಕಿತ್ತು ಬಂತು.

ಆಗ ಒಂದು ಕೆಲಸ ಮಾಡಿದೆ. ಗುಜರಿಯಿಂದ ಹಳೇ ಸ್ಕೂಟರಿನ ಸೀಟು ತಂದೆ. ಒಳಗಿನ ಸ್ಪಂಜನ್ನು ದುಂಡಗೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದೆ, ಒಂದು ಗೇಣು ಎತ್ತರ. ಮೇಲೆ ಗೊಬ್ಬರದ ಚೀಲ ಸುತ್ತಿ ಹೊಲಿದೆ. ತಮ್ಮನ ಹಳೇ ಸ್ಕೂಲ್ ಬ್ಯಾಗಿನ ಎರಡು ಪಟ್ಟಿ ಹಾಕಿದೆ. ಅದನ್ನು ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡರೆ ನಡೆಯುವಾಗ ಹಿಂದೆ ನೇತಾಡುತ್ತದೆ. ಕೂತಾಗ ಸರಿಯಾಗಿ ಕೆಳಗೆ ಬರುತ್ತದೆ. ಪ್ರತಿ ಸಲ ಸ್ಟೂಲ್ ಎತ್ತಿ ಮುಂದೆ ಇಡುವ ಕಷ್ಟ ಇಲ್ಲ.

ಮೊದಲ ದಿನ ಲೈನಿನ (ಕೂಲಿಯವರ ಸಾಲುಮನೆಯ) ಮಕ್ಕಳೆಲ್ಲ "ಅಜ್ಜಿಗೆ ಬಾಲ ಬಂತು" ಅಂತ ಹಿಂದೆ ಓಡಿದರು. ಅಮ್ಮ ಸಿಟ್ಟಿನಲ್ಲಿ ಬಿಚ್ಚಿ ಎಸೆದರು. ಮೂರನೇ ದಿನ ತಾವೇ ಕಟ್ಟಿಕೊಂಡರು. ಎರಡು ವಾರ ಆಗುವಷ್ಟರಲ್ಲಿ ಇನ್ನೂ ನಾಲ್ಕು ಜನ ನನಗೂ ಒಂದು ಮಾಡಿಕೊಡು ಅಂದರು. ಮಂಡಿ ನೋವು ಹೋಗಿಲ್ಲ. ಆದರೆ ಈಗ ಚಿಲಕ ಬೇಕಾಗಿಲ್ಲ.

ಫಿಸಿಯೋ_ಕುಶಾಲನಗರ

ಮಗಳೇ, ಇದಕ್ಕಿಂತ ಒಳ್ಳೇ ಸಲಹೆ ನನ್ನ ಹತ್ತಿರ ಇಲ್ಲ. ಮಂಡಿಯನ್ನು ಪೂರ್ತಿ ಮಡಚಿ ಕೂತಾಗ ಚಿಪ್ಪಿನ ಹಿಂದೆ ಒತ್ತಡ ತುಂಬ ಏರುತ್ತದೆ. ಒಂದು ಗೇಣು ಎತ್ತರ ಸಿಕ್ಕರೆ ಆ ಕೊನೆಯ ಮಡಿಕೆ ತಪ್ಪುತ್ತದೆ.

ರೋಬಸ್ಟಾ ಅವರೇ, ಚಪ್ಪಲಿಗೆ ಬಗ್ಗಿದಾಗ ಯಾಕೆ ಹಿಡಿಯಿತು ಅಂತ ನಿಮಗೆ ಅನ್ನಿಸಿದೆ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ಡಿಸ್ಕ್‌ಗಳು ನೀರು ಹೀರಿ ಊದಿಕೊಳ್ಳುತ್ತವೆ. ಬೆಳಿಗ್ಗೆ ನಾವು ಒಂದು ಸೆಂಟಿಮೀಟರಿನಷ್ಟು ಎತ್ತರ ಜಾಸ್ತಿ ಇರುತ್ತೇವೆ, ನಿಜವಾಗಿಯೂ. ಎದ್ದು ಮೊದಲ ಒಂದು ಗಂಟೆ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಒತ್ತಡ ಮಧ್ಯಾಹ್ನಕ್ಕಿಂತ ಜಾಸ್ತಿ. ಹಿಂದಿನ ದಿನದ ಮೂಟೆಗಳ ಆಯಾಸವೂ ಸೇರಿತ್ತು. ಚಪ್ಪಲಿ ಕೊನೆಯ ಹುಲ್ಲುಕಡ್ಡಿ ಅಷ್ಟೇ. ಆದ್ದರಿಂದ ಎದ್ದ ಕೂಡಲೇ ಬಗ್ಗುವ ಕೆಲಸ ಬೇಡ. ಸೌದೆ ಎತ್ತೋದು, ಬಾವಿಯಿಂದ ನೀರು ಸೇದೋದು, ಕೊಟ್ಟಿಗೆ ಗುಡಿಸೋದು, ಎಲ್ಲ ಸ್ವಲ್ಪ ಹೊತ್ತು ಓಡಾಡಿದ ಮೇಲೆ.

ಇನ್ನೊಂದು ವಿಷಯ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸ್ನಾಯು ಶೇ 3ರಿಂದ 8ರಷ್ಟು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. "ನಾನು ದಿನಾ ದುಡಿಯುತ್ತೇನೆ, ನನಗೆ ವ್ಯಾಯಾಮ ಯಾಕೆ" ಅಂತ ಎಲ್ಲರೂ ಕೇಳುತ್ತಾರೆ. ದುಡಿಮೆ ಒಂದೇ ಕಡೆಯ ಸ್ನಾಯುವನ್ನು ಸವೆಸುತ್ತದೆ, ಇನ್ನೊಂದು ಕಡೆಯದನ್ನು ಮರೆಯುತ್ತದೆ. ಕುಯ್ಯುವವರ ಕೈ, ಹೆಗಲು ಗಟ್ಟಿ. ಪೃಷ್ಠ ಮತ್ತು ತೊಡೆಯ ಮುಂಭಾಗ ಬಡವಾಗಿರುತ್ತದೆ. ಏಳುವಾಗ ಬೇಕಾಗುವುದು ಅವೇ.

ಒಂದೇ ವ್ಯಾಯಾಮ ಹೇಳುತ್ತೇನೆ. ಕುರ್ಚಿಯ ಮೇಲೆ ಕೂತು ಕೈ ಎದೆಗೆ ಕಟ್ಟಿಕೊಂಡು ಏಳೋದು, ನಿಧಾನಕ್ಕೆ ಕೂರೋದು. ಹತ್ತು ಸಲ, ಸಂಜೆ ಸ್ನಾನಕ್ಕೆ ಮೊದಲು. ಇಳಿಯುವಾಗ ಧೊಪ್ ಅಂತ ಬೀಳಬಾರದು, ಅದರಲ್ಲೇ ಇರೋದು ಗುಟ್ಟು. ವಾರಕ್ಕೆ ಮೂರು ದಿನ ಸಾಕು. ಕುಯ್ಲಿನ ಎರಡು ತಿಂಗಳು ಇದನ್ನು ಶುರು ಮಾಡಬೇಡಿ, ಮೈಗೆ ಆಗಲೇ ಸಾಕಾಗಿರುತ್ತದೆ. ಮಳೆಗಾಲದಲ್ಲಿ ಶುರು ಮಾಡಿ.

ಕಾಲಿಗೆ ಜೋಮು ಇಳಿದರೆ, ಪಾದ ಎಳೆದುಕೊಂಡು ನಡೆಯುವ ಹಾಗಾದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ, ಎಣ್ಣೆ ತಿಕ್ಕಿ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ರೋಬಸ್ಟಾ_57

ಮೂತ್ರದ ತೊಂದರೆ ಇಲ್ಲ. ಎಡಗಾಲಿಗೆ ಸ್ವಲ್ಪ ಜೋಮು ಉಂಟು. ಮಾತ್ರೆ ತಗೊಂಡರೆ ಕಡಿಮೆ ಆಗುತ್ತದೆ. ಮೆಡಿಕಲ್‌ನಲ್ಲಿ ಕೇಳಿದರೆ ಕೊಡುತ್ತಾರೆ. ಬೆಳಿಗ್ಗೆ ಒಂದು, ಸಂಜೆ ಒಂದು.

ಫಿಸಿಯೋ_ಕುಶಾಲನಗರ

ಡೈಕ್ಲೋಫೆನಾಕ್ ಅಂತ ಬರೆದಿದೆಯಾ? ಬಿ.ಪಿ. ಮಾತ್ರೆಯೂ ಉಂಟಾ?

ರೋಬಸ್ಟಾ_57

ಎರಡೂ ಹೌದು.

ಫಿಸಿಯೋ_ಕುಶಾಲನಗರ

ಹಾಗಾದರೆ ಇವತ್ತೇ ಡಾಕ್ಟರಿಗೆ ಎರಡು ಚೀಟಿಯನ್ನೂ ಒಟ್ಟಿಗೆ ತೋರಿಸಿ. ಜೋಮಿನ ವಿಷಯವನ್ನೂ ಹೇಳಿ. ನೋವಿನ ಮಾತ್ರೆ, ಕೆಲವು ಬಿ.ಪಿ. ಮಾತ್ರೆ, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ, ಈ ಮೂರು ಸೇರಿದರೆ ಕಿಡ್ನಿಗೆ ಹೊಡೆತ. ಬಿಸಿಲಲ್ಲಿ ನೀರು ಕುಡಿಯದೆ ದುಡಿದರೆ ಇನ್ನೂ ಜಾಸ್ತಿ. ಖಾಲಿ ಹೊಟ್ಟೆಗೆ ತಗೊಂಡರೆ ಹುಣ್ಣು ಬೇರೆ. ಕಿಡ್ನಿ ಹೇಗಿದೆ ಅಂತ ನೋಡುವ ಒಂದು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ.

ಮಾತ್ರೆ ತಗೊಂಡಾಗ ನೋವು ಮುಚ್ಚಿಹೋಗುತ್ತದೆ. ಅದೇ ಜೋರಿನಲ್ಲಿ ಮತ್ತೆ ಎರಡು ಮೂಟೆ ಜಾಸ್ತಿ ಹೊರುತ್ತೀರಿ. ನಾನು ನೋಡಿದವರಲ್ಲಿ ಅರ್ಧಕ್ಕರ್ಧ ಜನ ಹೀಗೇ ಹಾಳಾದದ್ದು.

ಮದ್ದುಸೊಪ್ಪು

ನಾವು ಮಾತ್ರೆ ಮುಟ್ಟುವವರಲ್ಲ. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟು, ಮದ್ದುಸೊಪ್ಪಿನ ಪಾಯಸ. ಹದಿನೆಂಟು ಬಗೆಯ ಔಷಧಿ ಅದರೊಳಗೆ. ಮಾರನೇ ದಿನ ಮೂತ್ರ ಕೆಂಪಗೆ ಹೋದರೆ ವರ್ಷಕ್ಕೆ ಬೇಕಾದ ಶಕ್ತಿ ಬಂತು ಅಂತ ಲೆಕ್ಕ. ಉಳಿದ 364 ದಿನ ಸಂಜೆ ಒಂದು ಕ್ವಾರ್ಟರ್ 😄

ಗಾರೆ_ಮೇಸ್ತ್ರಿ

ಪಾಯಸಕ್ಕೆ ನಾನೂ ಬರುತ್ತೇನೆ. ಕ್ವಾರ್ಟರ್ ವಿಷಯ ತಮಾಷೆ ಬೇಡ. ಹದಿನೈದು ವರ್ಷ ಅದನ್ನೇ ನೋವಿನ ಮಾತ್ರೆ ಅಂದುಕೊಂಡಿದ್ದೆ. ಕುಡಿದರೆ ನಿದ್ದೆ ಬರುತ್ತದೆ, ಹೌದು. ಆದರೆ ರಾತ್ರಿ ಎರಡಕ್ಕೆ ಎಚ್ಚರ, ಬಾಯಿ ಒಣಗಿ, ಬೆಳಿಗ್ಗೆ ಮೈ ಇನ್ನೂ ಬಿಗಿ. ಬಿಟ್ಟು ನಾಲ್ಕು ವರ್ಷ ಆಯಿತು. ನೋವು ಅಷ್ಟೇ ಉಂಟು, ಆದರೆ ನಿದ್ದೆ ನನ್ನದು.

ಮೂರೆಕರೆ

ಇಲ್ಲಿ ಎಲ್ಲರೂ ಕೂಲಿಯವರ ಕಷ್ಟ ಹೇಳುತ್ತಿದ್ದೀರಿ. ನಾನು ಶೆಟ್ಟಳ್ಳಿ ಕಡೆಯ ಸಣ್ಣ ಬೆಳೆಗಾರ, ವಯಸ್ಸು 64. ಹೆಸರಿಗೆ ಸಾಹುಕಾರ. ಮದ್ದು ಹೊಡೆಯುವವನೂ ನಾನೇ, ಮೂಟೆ ಹೊರುವವನೂ ನಾನೇ. ದೇಶದ ಕಾಫಿ ಬೆಳೆಗಾರರಲ್ಲಿ ಶೇ 98ಕ್ಕೂ ಜಾಸ್ತಿ ಜನ ಹತ್ತು ಹೆಕ್ಟೇರಿನ ಒಳಗಿನವರು. ಜನ ಸಿನಿಮಾದಲ್ಲಿ ನೋಡುವ ಬಂಗಲೆ ನಮ್ಮದಲ್ಲ.

ನನ್ನ ಅನುಭವ ಹೇಳುತ್ತೇನೆ. ಮಳೆಗೆ ಮೊದಲು ಬೋರ್ಡೋ (ಶಿಲೀಂಧ್ರ ರೋಗದ ಮದ್ದು) ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆನ್ನಿನ ಪಂಪಿಗೆ 16 ಲೀಟರ್ ಹಿಡಿಯುತ್ತದೆ. ಪಂಪಿನ ತೂಕ ಸೇರಿ 20 ಕೆ.ಜಿ. ದಾಟುತ್ತದೆ. ಅದನ್ನು ಹೊತ್ತು ಇಳಿಜಾರಿನಲ್ಲಿ, ಒದ್ದೆ ಎಲೆಯ ಮೇಲೆ, ತಲೆ ಎತ್ತಿಕೊಂಡು ನಡೆಯಬೇಕು. ಅರವತ್ತರ ನಂತರ ನಾನು ಹತ್ತು ಲೀಟರಿಗಿಂತ ಜಾಸ್ತಿ ತುಂಬುವುದಿಲ್ಲ. ತುಂಬಿದ ಪಂಪನ್ನು ನೆಲದಿಂದ ಎತ್ತಿ ಬೆನ್ನಿಗೆ ಹಾಕಿಕೊಳ್ಳುವುದೂ ಇಲ್ಲ. ದಿಬ್ಬದ ಮೇಲೆ ಇಟ್ಟು, ಬೆನ್ನು ಕೊಟ್ಟು, ಪಟ್ಟಿ ಹಾಕಿಕೊಂಡು ಏಳುತ್ತೇನೆ. ಇಷ್ಟು ಸಣ್ಣ ಬದಲಾವಣೆ. ಹತ್ತು ವರ್ಷ ಮೊದಲೇ ತೋಚಬೇಕಿತ್ತು.

ಕಾಡು ಹೊಡೆಯುವ ಮಿಷನ್ ಬಂದ ಮೇಲೆ ಸೊಂಟಕ್ಕೆ ಆರಾಮ ಅಂದುಕೊಂಡೆ. ಸೊಂಟಕ್ಕೆ ಆರಾಮವೇ. ಈಗ ಕೈ ಹೋಯಿತು. ಎರಡು ಗಂಟೆ ಅದರ ನಡುಕ ಹಿಡಿದುಕೊಂಡರೆ ರಾತ್ರಿ ಬೆರಳು ಜುಮ್ಮೆನ್ನುತ್ತದೆ, ಶರ್ಟಿನ ಗುಂಡಿ ಹಾಕಲು ಆಗುವುದಿಲ್ಲ. ಒಂದು ಟ್ಯಾಂಕ್ ಪೆಟ್ರೋಲ್ ಖಾಲಿ ಆದರೆ ಅರ್ಧ ಗಂಟೆ ಬೇರೆ ಕೆಲಸ. ಇದು ನನ್ನ ನಿಯಮ.

ಮತ್ತೆ, ಅಮ್ಮತ್ತಿಯ ಮಗಳೇ, ಹಗುರ ಕೆಲಸದ ವಿಷಯ ನಾನು ಒಪ್ಪುವುದಿಲ್ಲ. ಉದುರು ಹೆಕ್ಕಲು ದಿನಗೂಲಿ ಕೊಡುತ್ತಾರೆ, ಕಿಲೋ ಲೆಕ್ಕ ಅಲ್ಲ. ಬೇಕಾದಾಗ ಎದ್ದು ನಿಲ್ಲಬಹುದಲ್ಲ? ಯಾರು ತಡೆದರು?

ಅಮ್ಮತ್ತಿಯ_ಮಗಳು

ಯಾರೂ ತಡೆಯುವುದಿಲ್ಲ ಅಂಕಲ್. ಆದರೆ ಅಮ್ಮ ಏಳುವುದಿಲ್ಲ. ಏಳಲು ನೋವು ಅಂತಲೇ ಏಳುವುದಿಲ್ಲ. ಒಂದು ಸಲ ಎದ್ದರೆ ಮತ್ತೆ ಕೂರಬೇಕಲ್ಲ. ಜೊತೆಗೆ "ಮುದುಕಿ ಸುಮ್ನೆ ನಿಂತಿದ್ದಾಳೆ" ಅನ್ನಿಸಿಕೊಳ್ಳಬಾರದು ಅಂತ ಹಠ. ಹಗುರ ಕೆಲಸ ಕೊಟ್ಟಿದ್ದಾರೆ, ಅದನ್ನೂ ಮಾಡುವುದಿಲ್ಲ ಅಂದರೆ ಮುಂದಿನ ವರ್ಷ ಕರೆಯುತ್ತಾರಾ? ಅವರ ತಲೆಯಲ್ಲಿ ಇರುವುದು ಇದು.

ಮೂರೆಕರೆ

ಹಾಗಾ. ಅದು ನನಗೆ ಹೊಳೆದಿರಲಿಲ್ಲ.

ಯೋಚಿಸಿದರೆ ನಮ್ಮಲ್ಲೇ ಒಬ್ಬರು ಅಜ್ಜಿ ಇದ್ದಾರೆ, ಹೆಕ್ಕಲು ಬರುತ್ತಾರೆ. ಮಧ್ಯಾಹ್ನ ಊಟಕ್ಕೆ ಕರೆದರೆ ಕೈ ಊರಿ, ಗಿಡ ಹಿಡಿದು, ಎರಡು ಕಂತಿನಲ್ಲಿ ಏಳುತ್ತಾರೆ. ನಾನು ವಯಸ್ಸು ಅಂದುಕೊಂಡಿದ್ದೆ. ನಾಳೆಯಿಂದ ಊಟದ ನಂತರ ಅವರಿಗೆ ಕಣದ ಕೆಲಸ ಕೊಡುತ್ತೇನೆ. ಒಣಹಾಕಿದ ಕಾಫಿ ಎಳೆಯೋದು ನಿಂತುಕೊಂಡು ಮಾಡುವ ಕೆಲಸ. ಅರ್ಧ ದಿನ ಕೂತು, ಅರ್ಧ ದಿನ ನಿಂತು.

ಲೈನ್‌ಮನೆ_ಮೊಮ್ಮಗ

ನಮ್ಮ ಅಜ್ಜಿಗೆ 68. ಇನ್ನೂ ಕುಯ್ಯುತ್ತಾರೆ. ಈ ಚರ್ಚೆ ಓದಿ ಹೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಮೊದಲ ವಾರ ಓಡಬಾರದು. ಹುಡುಗಿಯರು ಮೊದಲ ದಿನವೇ ನೂರು ಕಿಲೋ ಅಂತ ಹಾರಾಡುತ್ತಾರೆ, ನಾಲ್ಕನೇ ದಿನ ರಜೆ ಹಾಕುತ್ತಾರೆ. ನಾನು ಮೊದಲ ವಾರ ನಲವತ್ತು, ಆಮೇಲೆ ಐವತ್ತು, ಸಂಕ್ರಾಂತಿ ಹೊತ್ತಿಗೆ ಎಪ್ಪತ್ತು. ಕೊನೆಗೆ ಲೆಕ್ಕ ಹಾಕಿದರೆ ನನ್ನ ಚೀಟಿಯೇ ಉದ್ದ.

ಒಂದು ಗಿಡ ಮೇಲಿನ ರೆಕ್ಕೆ (ಕೊಂಬೆ), ಮುಂದಿನ ಗಿಡ ಕೆಳಗಿನ ರೆಕ್ಕೆ. ವಾಪಸ್ ಬರುವಾಗ ಉಳಿದದ್ದು. ಒಂದೇ ಗಿಡಕ್ಕೆ ನಿಂತು ಕೂತು ನಿಂತು ಕೂತು ಮಾಡಿದರೆ ಸೊಂಟ ಮುರಿಯುತ್ತದೆ.

ಚೀಲ ಅರ್ಧ ತುಂಬಿದ ಕೂಡಲೇ ದಾರಿ ಬದಿಗೆ ತಂದು ಸುರಿಯಬೇಕು. ತುಂಬಲಿ ಅಂತ ಕಾಯಬಾರದು."

ನೀರಿನ ವಿಷಯ ಕೇಳಿದೆ. ಬಾಯಾರಿಕೆ ಆಗುವುದೇ ಇಲ್ಲ ಅಂದರು. ಬೆಳಿಗ್ಗೆ ಬೆಲ್ಲದ ಕರಿ ಕಾಫಿ, ಹತ್ತಕ್ಕೆ ಉಪ್ಪು ಹಾಕಿದ ಗಂಜಿ, ಅಷ್ಟೇ. ಮೂತ್ರಕ್ಕೆ ಹೋಗಲು ಜಾಗ ಎಲ್ಲುಂಟು ಅಂತ ನನಗೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಫಿಸಿಯೋ_ಕುಶಾಲನಗರ

ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ ಹೇಳಿ. ನಿಧಾನಕ್ಕೆ ಏರಿಸೋದು, ಭಂಗಿ ಬದಲಿಸೋದು, ಭಾರ ಒಡೆಯೋದು. ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತದ್ದು ಇದೇ ಮೂರು.

ಆದರೆ ನೀರಿನ ವಿಷಯದಲ್ಲಿ ಅಜ್ಜಿ ತಪ್ಪು. ವಯಸ್ಸಾದ ಹಾಗೆ ಬಾಯಾರಿಕೆಯ ಸುಳಿವು ಮಂದ ಆಗುತ್ತದೆ. ಮೈಗೆ ನೀರು ಬೇಕಾಗಿರುತ್ತದೆ, ನಾಲಿಗೆಗೆ ಗೊತ್ತಾಗುವುದಿಲ್ಲ. ಗಂಜಿ ಬಹಳ ಒಳ್ಳೇದು, ಅದನ್ನೇ ಎರಡು ಸಲ ಕುಡಿಯಲಿ. ದಿನಕ್ಕೆ ಒಂದೆರಡು ಮೊಟ್ಟೆ, ಸಂತೆಯಿಂದ ಮತ್ತಿ ಮೀನು, ಹುರುಳಿ, ಏನಾದರೂ ಸೇರಲಿ. ಗಂಜಿ ಉಪ್ಪಿನಕಾಯಿಯಲ್ಲಿ ಸ್ನಾಯು ಉಳಿಯುವುದಿಲ್ಲ.

ಏಣಿ_ಇಳಿದವ

ನಾನು ಕಾಳುಮೆಣಸು ಕುಯ್ಯುತ್ತಿದ್ದೆ. 28 ವರ್ಷ. ಈಗ 60, ಏಣಿ ಹತ್ತುವುದು ಬಿಟ್ಟು ಎರಡು ವರ್ಷ.

ಬೀಳಲಿಲ್ಲ. ಬೀಳುವ ಹಾಗಾಯಿತು. ಸಿಲ್ವರ್ ಮರದಲ್ಲಿ ಇಪ್ಪತ್ತು ಅಡಿ ಮೇಲೆ ಇದ್ದೆ. ಕತ್ತು ಎತ್ತಿ ಮೇಲಿನ ಬಳ್ಳಿ ನೋಡಿದೆ, ಕಣ್ಣು ಕತ್ತಲೆ ಬಂತು. ಏಣಿಯನ್ನೇ ತಬ್ಬಿಕೊಂಡು ಎಣಿಸಿದೆ, ನೂರು ಆಗುವ ತನಕ. ಕೆಳಗಿದ್ದವನು "ಎಂತ ಅಣ್ಣ, ನಿದ್ದೆ ಬಂತಾ" ಅಂತ ಕೂಗಿದ. ಇಳಿದೆ. ಚೀಲ ಅಲ್ಲೇ ಬಿಟ್ಟೆ.

ಆ ತಿಂಗಳು ಬಿ.ಪಿ. ಮಾತ್ರೆ ಬದಲಿಸಿದ್ದರು. ಎದ್ದು ನಿಂತಾಗ ತಲೆ ತಿರುಗಬಹುದು ಅಂತ ಯಾರೂ ಹೇಳಲಿಲ್ಲ. ನಾನೂ ಏಣಿ ಹತ್ತುವ ಕೆಲಸ ಅಂತ ಹೇಳಲಿಲ್ಲ. ಎರಡೂ ಕಡೆ ತಪ್ಪು. ಬಲಗಣ್ಣಿನಲ್ಲಿ ಪೊರೆ ಇರುವುದು ಆಮೇಲೆ ಗೊತ್ತಾಯಿತು. ಒಂದು ಕಣ್ಣು ಮಬ್ಬಾದರೆ ಮೆಟ್ಟಿಲು ಎಷ್ಟು ದೂರ ಅಂತ ಕಾಲಿಗೆ ತಿಳಿಯುವುದಿಲ್ಲ. ಐವತ್ತೈದು ದಾಟಿದ ಯಾರೇ ಏಣಿ ಹತ್ತುವುದಾದರೆ ಮೊದಲು ಕಣ್ಣು ತೋರಿಸಿ.

ಇನ್ನು ಅಲ್ಯೂಮಿನಿಯಂ ಏಣಿ. ಹಗುರ ಅಂತ ಎಲ್ಲರೂ ಅದನ್ನೇ ತಂದಿದ್ದಾರೆ. ಬಿದಿರಿನ ಏಣಿ ಹೊತ್ತವರಿಗೆ ಅದು ಸ್ವರ್ಗವೇ, ಸುಳ್ಳಲ್ಲ. ಆದರೆ ತೋಟದ ಮಧ್ಯೆ ಕರೆಂಟ್ ಲೈನ್ ಹಾದುಹೋಗುತ್ತದೆ. ಉದ್ದ ಏಣಿಯನ್ನು ನೆಟ್ಟಗೆ ಹಿಡಿದುಕೊಂಡು ಮರದಿಂದ ಮರಕ್ಕೆ ಹೋಗುವಾಗ ತಂತಿಗೆ ತಾಗಿ ಜೀವ ಹೋದದ್ದು ನಮ್ಮ ಜಿಲ್ಲೆಯಲ್ಲಿ ಹೊಸತಲ್ಲ. ಮಲಗಿಸಿಕೊಂಡೇ ಒಯ್ಯಬೇಕು, ಇಬ್ಬರು ಸೇರಿ.

ಈಗ ಕೆಳಗೆ ಮೆಣಸು ಬಿಡಿಸುತ್ತೇನೆ, ಕಣ ಕಾಯುತ್ತೇನೆ. ಕೂಲಿ ಕಡಿಮೆ. ಮೊದಮೊದಲು ನಾಚಿಕೆ ಆಯಿತು.

ಪಾಲಿಬೆಟ್ಟ_ದಾರಿ

ಆನೆಯ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಕಡೆ, ಸಿದ್ದಾಪುರದಿಂದ ಪಾಲಿಬೆಟ್ಟದ ತನಕ, ವಯಸ್ಸಾದವರ ಮೊದಲ ಚಿಂತೆ ಸೊಂಟ ಅಲ್ಲ. ಬೆಳಿಗ್ಗೆ ಏಳೂವರೆಗೆ ಮಂಜು ಇರುವಾಗ ಕೆಲಸಕ್ಕೆ ನಡೆದು ಹೋಗೋದು. ಹುಡುಗರು ಓಡುತ್ತಾರೆ. ಮಂಡಿ ಹಿಡಿದವರು ಎಂತ ಮಾಡೋದು? ನಮ್ಮ ಲೈನಿನವರು ಈಗ ಎಲ್ಲರೂ ಸೇರಿಯೇ ಹೊರಡುತ್ತಾರೆ. ಅತಿ ನಿಧಾನ ನಡೆಯುವವರು ಮುಂದೆ ಅಲ್ಲ, ಹಿಂದೆಯೂ ಅಲ್ಲ, ನಡುವೆ. ಆನೆ ಒಳಗುಂಟು ಅಂತ ಮೆಸೇಜ್ ಬಂದರೆ ಜೀಪ್ ಬರುವ ತನಕ ಯಾರೂ ಹೊರಡುವುದಿಲ್ಲ. ಇದಕ್ಕಾಗಿ ಒಂದು ದಿನ ಗಲಾಟೆಯೇ ಮಾಡಬೇಕಾಯಿತು.

ನಿವೃತ್ತ_ರೈಟರ್

ಎಲ್ಲ ಓದಿದೆ. 31 ವರ್ಷ ಹಾಜರಿ ಪುಸ್ತಕ ಬರೆದವನು. ನೋವಿನ ವಿಷಯ ನನಗೆ ಗೊತ್ತಿಲ್ಲ, ಬರೀ ಬೆರಳು ಸವೆಸಿದವನು. ದುಡ್ಡಿನ ವಿಷಯ ಹೇಳುತ್ತೇನೆ. ಯಾಕೆಂದರೆ ಜನ ಮೈ ಕೈಕೊಟ್ಟ ಮೇಲೂ ದುಡಿಯುವುದು ದುಡ್ಡಿಗಾಗಿ. ಎಷ್ಟೋ ಜನ ತಮಗೆ ಬರಬೇಕಾದ್ದನ್ನೇ ಕೇಳಿರುವುದಿಲ್ಲ.

ರೋಬಸ್ಟಾ ಅವರೇ, ಒಂದೇ ತೋಟದಲ್ಲಿ ಎಷ್ಟು ವರ್ಷ? ಐದು ವರ್ಷ ಬಿಡದೆ ಮಾಡಿದ್ದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಉಂಟು. ತೋಟಗಳ ಹೆಸರು 1972ರ ಕಾಯ್ದೆಯಲ್ಲೇ ಇತ್ತು. ಲೆಕ್ಕ ಸುಲಭ. ದಿನಗೂಲಿಯನ್ನು 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಿ. ಕೂಲಿ 450, ಸೇವೆ 28 ವರ್ಷ ಅಂತ ಇಟ್ಟುಕೊಳ್ಳಿ. 450 ಇಂಟು 15, 6,750. ಅದು ಇಂಟು 28, ಒಂದು ಲಕ್ಷದ 89 ಸಾವಿರ. "ನೀವೇ ಬಿಟ್ಟಿರಿ, ಏನೂ ಇಲ್ಲ" ಅಂದರೆ ನಂಬಬೇಡಿ. ಐದು ವರ್ಷ ಆದವರು ತಾವೇ ಬಿಟ್ಟರೂ ಬರುತ್ತದೆ.

ಪಿ.ಎಫ್. ಹಿಡಿದಿದ್ದರೆ, ಹತ್ತು ವರ್ಷದ ಸೇವೆ ಇದ್ದರೆ, 58ಕ್ಕೆ ಪಿಂಚಣಿ. ಕನಿಷ್ಠ ತಿಂಗಳಿಗೆ 1,000 ರೂಪಾಯಿ. ನಗಬೇಡಿ, ಮಾತ್ರೆಯ ಖರ್ಚಿಗಾದರೂ ಆಗುತ್ತದೆ. ಬಡವರಿಗೆ 65ಕ್ಕೆ ಸರ್ಕಾರದ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200.

ಒಂದು ಎಚ್ಚರಿಕೆ. ಪಿ.ಎಫ್. ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಹುಟ್ಟಿದ ವರ್ಷ ಮೂರನೆಯದು. ನನ್ನ ಕಾಲದಲ್ಲಿ "ವಯಸ್ಸು ಎಷ್ಟು" ಅಂದರೆ "ನೀವೇ ಹಾಕಿ" ಅನ್ನುತ್ತಿದ್ದರು. ನಾವೂ ಮುಖ ನೋಡಿ ಹಾಕುತ್ತಿದ್ದೆವು. ಹಾಗೆ ಹಾಕಿದ ಅಂಕಿಗಳಿಂದ ಈಗ ಜನ ಅಲೆಯುತ್ತಿದ್ದಾರೆ. ಅದರಲ್ಲಿ ನನ್ನ ಪಾಲೂ ಉಂಟು. 57ರಲ್ಲೇ ಸರಿ ಮಾಡಿಸಿಕೊಳ್ಳಿ, 58ಕ್ಕೆ ಕಾಯಬೇಡಿ.

ಶನಿವಾರಸಂತೆ_ಫಿಟ್

ಮೊದಲು ಹೇಳಿದ ಮಾತಿಗೆ ಸಾರಿ. ನಮ್ಮ ತಂದೆಗೂ 56, ತೋಟದಲ್ಲೇ ಇದ್ದಾರೆ. ಅವರ ಪಿ.ಎಫ್. ಪುಸ್ತಕ ತೆಗೆದು ನೋಡಿದೆ. ಹುಟ್ಟಿದ ವರ್ಷದ ಪ್ರಕಾರ ಅವರಿಗೆ ಈಗ 49.

ನಿವೃತ್ತ_ರೈಟರ್

ನೋಡಿದಿರಾ.

ರೋಬಸ್ಟಾ_57

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಂತು. ನಿನ್ನೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆ ಹಾಸಿದ ಹಾಗೆ. ಕುಯ್ಲು ಮುಗಿಯಿತು.

ಡಾಕ್ಟರಿಗೆ ಎರಡೂ ಚೀಟಿ ತೋರಿಸಿದೆ. ಕ್ರಿಯಾಟಿನಿನ್ ಸ್ವಲ್ಪ ಮೇಲೆ ಉಂಟು. ನೋವಿನ ಮಾತ್ರೆ ನಿಲ್ಲಿಸಿದರು, ಬೇರೆ ಕೊಟ್ಟರು. ಮೊದಲ ವಾರ ನರಕ. ಆಮೇಲೆ ಅಭ್ಯಾಸ ಆಯಿತು. ಜೋಮು ಮೊಣಕಾಲಿನ ತನಕ ಇದ್ದದ್ದು ಈಗ ತೊಡೆಯಲ್ಲೇ ನಿಂತಿದೆ.

ಅಜ್ಜಿಯ ಮಾತು ಕೇಳಿ ಚೀಲ ಅರ್ಧ ಮಾಡಿದೆ. ಮೊದಲು ಸಂಜೆ ನಾಲ್ಕಕ್ಕೆ, ಮೈಯಲ್ಲಿ ಏನೂ ಉಳಿಯದ ಹೊತ್ತಿಗೆ, ತುಂಬಿದ ಮೂಟೆ ಹೊತ್ತು ಏರು ಹತ್ತಿ ತೂಕಕ್ಕೆ ಹೋಗುತ್ತಿದ್ದೆ. ಯೋಚಿಸಿದರೆ ಇಷ್ಟು ವರ್ಷ ನಾನು ಜಾರಿದ್ದೆಲ್ಲ ಅದೇ ಹೊತ್ತಿಗೆ. ಈಗ ಟ್ರ್ಯಾಕ್ಟರ್ ದಾರಿಗೆ ಬೆಳಿಗ್ಗೆಯಿಂದಲೇ ಸ್ವಲ್ಪ ಸ್ವಲ್ಪ ತಂದು ಹಾಕುತ್ತೇನೆ. ಮೇಸ್ತ್ರಿ ಮೊದಲು ಗೊಣಗಿದ. "ಎಲ್ಲರೂ ಹೀಗೆ ದಾರಿ ಬದಿಗೆ ಸುರಿದರೆ ಕಾಯುವವರು ಯಾರು?" ಕಾಯುವ ಕೆಲಸವನ್ನು ಕಾಲು ಉಳುಕಿದ ಇನ್ನೊಬ್ಬರಿಗೆ ಕೊಡಿ ಅಂದೆ. ಕೊಟ್ಟರು.

ಲಾಭ ಮಾತ್ರ ಹೇಳಬಾರದು, ನಷ್ಟವನ್ನೂ ಹೇಳುತ್ತೇನೆ. ಮೊದಲು ದಿನಕ್ಕೆ 110 ಕಿಲೋ ಕುಯ್ಯುತ್ತಿದ್ದವನು ಕೊನೆಯ ವಾರಗಳಲ್ಲಿ 80 ದಾಟಲಿಲ್ಲ. ಕಿಲೋಗೆ ಐದು ರೂಪಾಯಿ ಅಂದರೆ ದಿನಕ್ಕೆ 150 ಹೋಯಿತು. ಮನೆಯಲ್ಲಿ ಅದು ಗೊತ್ತಾಗುತ್ತದೆ. ಆದರೆ ಕೊನೆಯ ತನಕ ಒಂದು ದಿನವೂ ರಜೆ ಹಾಕಲಿಲ್ಲ.

ಪಿ.ಎಫ್. ಪುಸ್ತಕದಲ್ಲಿ ನನ್ನ ಹೆಸರು ಸರಿ ಉಂಟು. ಅಪ್ಪನ ಹೆಸರಿನ ಜಾಗದಲ್ಲಿ ಅಣ್ಣನ ಹೆಸರು.

ಏಣಿ_ಇಳಿದವ

ಮುಂದೆ ಎಂತ ಕೆಲಸ? ಈಗ ಗುಂಡಿ, ಆಮೇಲೆ ಗೊಬ್ಬರ ಅಲ್ವಾ?

ರೋಬಸ್ಟಾ_57

ಗುಂಡಿ ತೆಗೆಯಲು ಆಗುವುದಿಲ್ಲ ಅಂತ ಹೇಳಿಬಿಟ್ಟೆ. ಜೀವನದಲ್ಲಿ ಮೊದಲ ಸಲ. ನರ್ಸರಿಗೆ ಹಾಕಿದ್ದಾರೆ, ಕವರಿಗೆ ಮಣ್ಣು ತುಂಬುವುದು. ದಿನಗೂಲಿ. ಅಲ್ಲೂ ನೆಲದ ಮೇಲೆ ಕುಕ್ಕುರುಗಾಲೇ. ಹಗುರ ಕೆಲಸ ಅಂದರು!

ಅದಕ್ಕೇ ಅಮ್ಮತ್ತಿಯ ಮಗಳನ್ನು ಕೇಳಬೇಕಿತ್ತು. ಒಂದು ಗೇಣು ಎತ್ತರ ಅಂದಿರಲ್ಲ, ಯಾರ ಗೇಣು? ನನ್ನ ಗೇಣಿಗೆ ಕತ್ತರಿಸಿದೆ, ಕೂತರೆ ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ, ಹಿಂದಕ್ಕೆ ಮಗುಚುತ್ತೇನೆ.

ಅಮ್ಮತ್ತಿಯ_ಮಗಳು

ಅಮ್ಮನ ಗೇಣು ಅಣ್ಣಾ. ಅಳೆದೆ ಈಗ, ಏಳು ಇಂಚು. ಕೂತ ಮೇಲೆ ಐದಕ್ಕೆ ಇಳಿಯುತ್ತದೆ. ಹೊಸ ಸ್ಪಂಜು ತರಬೇಡಿ, ಒಂದೇ ವಾರಕ್ಕೆ ಚಪ್ಪಟೆ. ಹಳೇ ಸೀಟಿನದೇ ಗಟ್ಟಿ. ಪಟ್ಟಿಯನ್ನು ತೊಡೆಗೆ ಬಿಗಿಯಾಗಿ ಕಟ್ಟಿ, ಆಗ ಮಗುಚುವುದಿಲ್ಲ.

ರೋಬಸ್ಟಾ_57

ಗುಜರಿಯಲ್ಲಿ ಸ್ಕೂಟರ್ ಸೀಟು ಇಲ್ಲ, ಜೀಪಿನದು ಉಂಟು ಅಂದ. ಆಗುತ್ತದಾ?

ಅಮ್ಮತ್ತಿಯ_ಮಗಳು

ಆಗುತ್ತದೆ. ಒಳಗೆ ಸ್ಪ್ರಿಂಗ್ ಇದ್ದರೆ ಮಾತ್ರ ತೆಗೆದುಬಿಡಿ.